ಎರಡನೇ ದೂರು

ಲಿಫ್ಟುಗಳು ಕೆಡುವುದಕ್ಕಿಂತ ಹೆಚ್ಚು ಸಲ ಜನ ಅವುಗಳ ಮೇಲೆ ದೂರು ಹೇಳುತ್ತಾರೆ. ಇದನ್ನು ಕಂಡುಕೊಂಡು, ಅದರ ಮೇಲೊಂದು ಪದ್ಧತಿಯನ್ನೇ ಕಟ್ಟಿದವನು ಲಿಫ್ಟ್ ಕಂಪನಿಯ ಹಿರಿಯ ತಪಾಸಕ. ಯಾವುದೇ ಕಟ್ಟಡದಿಂದ ಮೊದಲ ದೂರು ಬಂದರೆ ಆಫೀಸಿನಲ್ಲಿ ಯಾರೂ ಕುರ್ಚಿ ಬಿಟ್ಟು ಏಳಬೇಕಾಗಿಲ್ಲ. ಅದೇ ಲಿಫ್ಟಿನ ಮೇಲೆ ಬೇರೊಬ್ಬರು ದೂರು ಹೇಳಿದರೆ ಮಾತ್ರ ಮೆಕ್ಯಾನಿಕ್ ಹೊರಡಬೇಕು.

"ಮೊದಲನೇ ದೂರು ಮನುಷ್ಯಂದು, ಎರಡನೇದು ಮೆಷಿನ್ದು" ಎಂದು ಅವನು ಹೊಸಬರಿಗೆ ಪಾಠ ಹೇಳುತ್ತಿದ್ದ. ಕಂಪನಿಗೆ ಪೆಟ್ರೋಲ್ ಉಳಿಯಿತು, ಮೆಕ್ಯಾನಿಕ್‌ಗಳಿಗೆ ಊಟದ ಹೊತ್ತು ಉಳಿಯಿತು. ದೂರಿನ ಕರೆಗಳನ್ನು ತೆಗೆದುಕೊಳ್ಳುವ, ಎಲ್ಲರೂ ಫೋನ್ ಮೇಡಂ ಎಂದೇ ಕರೆಯುವ ಹೆಂಗಸಿಗೆ ಮಾತ್ರ ಈ ಪದ್ಧತಿ ರುಚಿಸಿರಲಿಲ್ಲ. ಬೈಸಿಕೊಳ್ಳುವ ಕಿವಿ ಅವಳದು.

ತಪಾಸಕನ ಮನೆಯಲ್ಲಿ ದೂರು ಹೇಳುವವರು ಅತ್ತೆ. ಎಂದರೆ, ಅವನ ಹೆಂಡತಿಯ ತಾಯಿ. ಚಳಿಗಾಲ ಶುರುವಾಗುವ ಮೊದಲು ಒಂದು ಸೂಟ್‌ಕೇಸು, ಎರಡು ರಜಾಯಿ ಮತ್ತು ಬಹಳಷ್ಟು ಅಭಿಪ್ರಾಯಗಳನ್ನು ಹೊತ್ತುಕೊಂಡು ಅವರು ಬಂದಿದ್ದರು. ಮನೆಯಲ್ಲಿ ಎರಡು ಮಲಗುವ ಕೋಣೆಗಳು. ರಸ್ತೆ ಕಡೆಯ ದೊಡ್ಡದು ಗಂಡ ಹೆಂಡತಿಯದು. ಹಿಂದಿನ ಚಿಕ್ಕದು ಅತ್ತೆಯ ಪಾಲಿಗೆ ಬಂತು. ಅದಕ್ಕೆ ಅಂಟಿಕೊಂಡೇ, ಒಂದು ಬಾಗಿಲಿನಾಚೆ, ಬಟ್ಟೆ ಒಗೆಯುವ ಕೋಣೆ. ಅಲ್ಲಿ ಗೋಡೆಯ ಮೇಲೆ ಗ್ಯಾಸ್ ಗೀಸರ್. ಮನೆಯ ಯಾವ ಬಿಸಿನೀರಿನ ನಲ್ಲಿ ತಿರುಗಿಸಿದರೂ ಅದು ಭಗ್ಗೆಂದು ಹೊತ್ತಿಕೊಳ್ಳುತ್ತಿತ್ತು.

ಬಂದ ವಾರದೊಳಗೆ ಅತ್ತೆ ಹೇಳಿದ ದೂರುಗಳು ಇವು: ಮಂಚ ಕಿರುಗುಟ್ಟುತ್ತದೆ, ಟೀವಿಯ ಬಣ್ಣ ಕಣ್ಣಿಗೆ ಚುಚ್ಚುತ್ತದೆ, ಅಳಿಯ ನಡೆಯುವಾಗ ಚಪ್ಪಲಿ ಎಳೆಯುತ್ತಾನೆ, ಬಟ್ಟೆ ಒಗೆಯುವ ಕೋಣೆಯ ಗಾಳಿಕಿಂಡಿಯಲ್ಲಿ ಪಾರಿವಾಳಗಳು ಕೂತು ಬೆಳಕು ಹರಿಯುವ ಮೊದಲೇ ಗುಟುರು ಹಾಕುತ್ತವೆ, ಅದೇ ಕಿಂಡಿಯಿಂದ ಚಳಿಗಾಳಿ ನೇರವಾಗಿ ತಮ್ಮ ಮಂಡಿಗೆ ಬಂದು ತಾಗುತ್ತದೆ.

ತಪಾಸಕ ತನ್ನ ಪದ್ಧತಿಯಂತೆ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಗಾಳಿಕಿಂಡಿಯ ವಿಷಯದಲ್ಲಿ ಹೆಂಡತಿಯೂ ಬಾಯಿ ಹಾಕಿದಳು.

"ರೀ, ಅಮ್ಮ ಹೇಳೋದು ನಿಜ. ಗಾಳಿ ಬರುತ್ತೆ. ನಂಗೂ ಕಾಲು ಮರಗಟ್ಟುತ್ತೆ ಅಲ್ಲಿ ನಿಂತ್ರೆ."

ಇದು ಎರಡನೇ ದೂರು. ನಿಯಮ ಅಂದರೆ ನಿಯಮ. ಭಾನುವಾರ ತಪಾಸಕ ಏಣಿ ಹಾಕಿ ಹತ್ತಿದ. ಹಳೆಯ ಸೋಫಾದ ಸ್ಪಂಜನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಗಾಳಿಕಿಂಡಿಗೆ ತುರುಕಿದ, ಸುತ್ತ ಟೇಪು ಬಿಗಿದ, ಅಂಚನ್ನು ಉಗುರಿನಿಂದ ತೀಡಿದ. ಕೆಲಸ ಎಷ್ಟು ಚೊಕ್ಕವಾಗಿತ್ತೆಂದರೆ ಅತ್ತೆಯೇ ಬಂದು ನೋಡಿ, "ಪರವಾಗಿಲ್ಲ, ಕೈಯಲ್ಲಿ ಕೆಲಸ ಇದೆ" ಎಂದರು. ಆ ಬಾಯಿಂದ ಅವನಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಪಾರಿವಾಳಗಳು ಹೊರಗೆ ಸ್ವಲ್ಪ ಹೊತ್ತು ಗೊಣಗಿ ಎದುರುಮನೆಯ ಸಜ್ಜೆಗೆ ಹೋದವು.

ಅದಾಗಿ ಕೆಲವು ದಿನಗಳಿಗೆ ಅತ್ತೆಗೆ ತಲೆನೋವು ಶುರುವಾಯಿತು.

"ಹಣೆಗೆ ಪಟ್ಟಿ ಕಟ್ಟಿ ಬಿಗಿದ ಹಾಗೆ ಕಣೇ" ಎಂದು ಮಗಳಿಗೆ ಹೇಳಿದರು. "ಎದ್ದ ತಕ್ಷಣ ಇರುತ್ತೆ. ಹೊಟ್ಟೆ ತೊಳಸುತ್ತೆ. ಮೈಯೆಲ್ಲ ಸೋಮಾರಿ."

ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ತಲೆನೋವಿನ ಮಾತ್ರೆ ಮನೆಗೆ ಬಂತು. ನೋವು ಹೋಗಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ರಕ್ತದ ಒತ್ತಡ ನೋಡಿದರು, ಕಣ್ಣಿಗೆ ಟಾರ್ಚು ಬಿಟ್ಟರು, ನಾಲಿಗೆ ಚಾಚಿಸಿ ನೋಡಿದರು.

"ಈ ನೋವು ಯಾವಾಗಲೂ ಇರುತ್ತಾ ಅಮ್ಮ?"

"ಇಲ್ಲ ಡಾಕ್ಟ್ರೇ. ಹೊರಗೆ ಹೋದ್ರೆ ಕಮ್ಮಿ ಆಗುತ್ತೆ. ಈಗ ನಿಮ್ಮ ಹತ್ರ ಕೂತಿದೀನಲ್ಲ, ಇಲ್ಲವೇ ಇಲ್ಲ. ಅಳಿಯನ ಮನೇಲಿ ಮಾತ್ರ ಬರುತ್ತೆ."

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. "ನಂಗೂ ಮಾವನ ಮನೇಲಿ ಹಾಗೇ ಆಗುತ್ತೆ" ಎಂದು ತಪಾಸಕನ ಕಡೆ ಕಣ್ಣು ಮಿಟುಕಿಸಿ ಅದೇ ಮಾತ್ರೆಯನ್ನು ಇನ್ನೊಂದು ಹೆಸರಿನಲ್ಲಿ ಬರೆದುಕೊಟ್ಟರು. ಮೂವರೂ ನಕ್ಕರು. ನಗದವನು ತಪಾಸಕ ಒಬ್ಬನೇ.

ಅತ್ತೆ ನಡುವೆ ಒಂದು ವಾರ ಕಿರಿಯ ಮಗಳ ಮನೆಗೆ ಹೋಗಿಬಂದದ್ದು ಉರಿಯುವ ಬೆಂಕಿಗೆ ಇನ್ನಷ್ಟು ತುಪ್ಪ ಸುರಿಯಿತು. ಆ ಮನೆಯ ಅಳಿಯ, ಅಂದರೆ ತಪಾಸಕನ ಷಡ್ಡಕ, ಬಾಯಿ ತುಂಬ ಮಾತಾಡುವ, ಅತ್ತೆಯ ಕಾಲಿಗೆ ತಾನೇ ಬಿಸಿನೀರಿನ ಚೀಲ ಇಡುವ ಆಸಾಮಿ.

"ಅಲ್ಲಿ ಒಂದು ದಿನ ಆದ್ರೂ ತಲೆ ನೋಯಬೇಕಲ್ಲ! ಹೂವಿನ ಹಾಗೆ ಇತ್ತು" ಎಂದು ಅತ್ತೆ ಬಂದವರೇ ಸಾರಿದರು. ಮಾರನೆಯ ಬೆಳಿಗ್ಗೆ ಹಣೆಗೆ ಬಟ್ಟೆ ಬಿಗಿದುಕೊಂಡು ಮಂಚದ ಮೇಲೆ ಕೂತಿದ್ದರು. "ನೋಡಿ ಅಳಿಯಂದ್ರೆ, ಕಾಲಿಟ್ಟ ತಕ್ಷಣ!"

ತಪಾಸಕ ಯೋಚಿಸಿದ. ಕಾಯಿಲೆಯಾದರೆ ಮನುಷ್ಯ ಹೋದ ಕಡೆಯೆಲ್ಲ ಹಿಂದೆಯೇ ಬರಬೇಕು. ಇದು ಬರುವುದಿಲ್ಲ. ಷಡ್ಡಕನ ಮನೆಯಲ್ಲಿ ಇಲ್ಲ, ಡಾಕ್ಟರ ಎದುರು ಇಲ್ಲ, ತನ್ನ ಮನೆಯಲ್ಲಿ ಮಾತ್ರ ಇದೆ. ಆದ್ದರಿಂದ ಇದು ಕಾಯಿಲೆಯಲ್ಲ, ಚುಚ್ಚುಮಾತು. ಲೆಕ್ಕದ ಮೊದಲರ್ಧ ಪೂರ್ತಿ ಸರಿಯಾಗಿತ್ತು. ಉತ್ತರದಲ್ಲಿ ಮಾತ್ರ ಅವನು ಮನೆಯ ಬದಲು ತನ್ನನ್ನು ಇಟ್ಟುಕೊಂಡಿದ್ದ.

ಇದನ್ನು ಬಯಲಿಗೆಳೆಯಲು ಅವನು ಒಂದು ಉಪಾಯ ಹೂಡಿದ. ಊಟಕ್ಕೆ ಕೂತಾಗ ಬಹಳ ವಿನಯದಿಂದ ಹೇಳಿದ:

"ಅತ್ತೆ, ನೀವು ದೊಡ್ಡ ರೂಮಲ್ಲಿ ಮಗಳ ಜೊತೆ ಮಲಗಿ. ನಾನು ಹಿಂದಿನ ರೂಮಿಗೆ ಹೋಗ್ತೀನಿ. ಅಲ್ಲೂ ತಲೆ ನೋಯುತ್ತೋ ನೋಡೋಣ."

ಮನೆ ಅದೇ, ಅಳಿಯನೂ ಅವನೇ. ದೊಡ್ಡ ಕೋಣೆಯಲ್ಲೂ ಅತ್ತೆ ನರಳಿಯೇ ನರಳುತ್ತಾರೆ, ಆಗ ನೋವು ಕೋಣೆಯದಲ್ಲ, ನಾಟಕದ್ದು ಎಂದು ಬಯಲಾಗುತ್ತದೆ ಎಂಬುದು ಅವನ ಲೆಕ್ಕ. ಅತ್ತೆ ಅವನನ್ನು ಅನುಮಾನದಿಂದ ನೋಡಿದರು. ಆದರೆ ರಸ್ತೆ ಕಡೆಯ ಕಿಟಕಿಯ ಆಸೆ ಗೆದ್ದಿತು.

ಎರಡೇ ದಿನದಲ್ಲಿ ಅತ್ತೆಯ ತಲೆನೋವು ನಿಂತಿತು. ಹಣೆಯ ಬಟ್ಟೆ ಅಡುಗೆಮನೆಯ ಒರೆಸುವ ಬಟ್ಟೆಯಾಯಿತು. ಅವರು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬಿಸಿಬಿಸಿ ಸ್ನಾನ ಮಾಡಿ, ಅಡುಗೆಮನೆಯ ಹೊಗೆ ಹೀರುವ ಫ್ಯಾನ್ ಹಾಕಿಕೊಂಡು ತಿಂಡಿಗೆ ಕೈ ಹಚ್ಚುತ್ತಿದ್ದರು. ಅವರ ಹಿಂದೆ ಮಗಳ ಸ್ನಾನ. ತಪಾಸಕನ ಸರದಿ ಕೊನೆಯದು. ಅಷ್ಟು ಹೊತ್ತೂ ಅವನು ಹಿಂದಿನ ಕೋಣೆಯಲ್ಲಿ, ಮುಚ್ಚಿದ ಕಿಟಕಿಯ ಪಕ್ಕ, ರಜಾಯಿ ಹೊದ್ದು ಮಲಗಿರುತ್ತಿದ್ದ. ಗೋಡೆಯಾಚೆ ಗೀಸರ್ ಉರಿಯುತ್ತಿತ್ತು.

ಮೂರನೆಯ ಬೆಳಿಗ್ಗೆ ಅವನು ಎದ್ದಾಗ ಹಣೆಗೆ ಪಟ್ಟಿ ಕಟ್ಟಿ ಬಿಗಿದ ಹಾಗಿತ್ತು.

ಅತ್ತೆ ಬಳಸಿದ್ದ ಮಾತುಗಳೇ ತನ್ನ ತಲೆಗೆ ಬಂದದ್ದು ಅವನಿಗೆ ಅವಮಾನವೆನಿಸಿತು. ತಿಂಡಿಯ ತಟ್ಟೆ ನೋಡಿದರೆ ಹೊಟ್ಟೆ ತೊಳಸಿತು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದ.

"ಯಾಕೆ ಅಳಿಯಂದ್ರೆ, ಮುಖ ಬಾಡಿದೆ? ನಿದ್ದೆ ಬರಲಿಲ್ವಾ ಆ ರೂಮಲ್ಲಿ?" ಅತ್ತೆ ಕೇಳಿದರು. ದನಿಯಲ್ಲಿ ಸಕ್ಕರೆ ಸ್ವಲ್ಪ ಜಾಸ್ತಿಯೇ ಇತ್ತು.

"ಗಡದ್ದಾಗಿ ಬಂತು ಅತ್ತೆ. ಇನ್ನು ಅದೇ ನನ್ನ ರೂಮು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಸ್ವಲ್ಪ ಹೊತ್ತಿಗೆ ನೋವು ಇಳಿಯತೊಡಗುತ್ತಿತ್ತು. ಆಫೀಸು ಮುಟ್ಟಿ ಚಹಾ ಕುಡಿಯುವ ಹೊತ್ತಿಗೆ ತಲೆ ಹೂವು. ಕೆಲಸದ ಮೇಲೆ ತನಗೆಷ್ಟು ಪ್ರೀತಿ ಎಂದು ಅವನಿಗೇ ಬೆರಗಾಯಿತು. ಭಾನುವಾರ ಮನೆಯಲ್ಲೇ ಇದ್ದಾಗ ನೋವು ಸಂಜೆಯವರೆಗೂ ಇತ್ತು. ಅದಕ್ಕೆ ಅತ್ತೆಯ ಸಹವಾಸ ಕಾರಣವೆಂದು ತೀರ್ಮಾನಿಸಿದ. ಒಂದು ಸಲ ಬಟ್ಟೆ ಒಗೆಯುವ ಕೋಣೆಯಲ್ಲಿ ಗೀಸರಿನ ಜ್ವಾಲೆ ನೀಲಿ ಹೋಗಿ ಹಳದಿಯಾಗಿರುವುದು, ಮೇಲಿನ ಗೋಡೆಗೆ ಮಸಿಯ ನೆರಳು ಬಿದ್ದಿರುವುದು ಕಣ್ಣಿಗೆ ಬಿತ್ತು. ಗ್ಯಾಸಿನವರು ಏನೋ ಕಲಬೆರಕೆ ಮಾಡಿದ್ದಾರೆ ಎಂದುಕೊಂಡು ಹಲ್ಲುಜ್ಜಿದ.

ಹೆಂಡತಿ ಒಂದು ದಿನ ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಮ್ಮ ಮಾತ್ರೆ ಬಿಟ್ಟು ಎಷ್ಟೋ ದಿನ ಆಯ್ತು. ಇದು ಖಾಲಿ ಆಗ್ತಾನೇ ಇದೆಯಲ್ಲ? ನೀವು ತಗೊಳ್ತಿದೀರಾ?"

"ನಂಗ್ಯಾಕೆ? ಆಫೀಸಲ್ಲಿ ಫೋನ್ ಮೇಡಂ ಕೇಳಿದ್ರು, ಕೊಟ್ಟೆ."

"ಪಾಪ, ಅವರಿಗೂ ಅತ್ತೆ ಇದಾರಾ?" ಎಂದಳು ಹೆಂಡತಿ, ನಗದೆ.

ಒಪ್ಪಿಕೊಂಡರೆ ಆಗುವುದೇನು ಎಂದು ತಪಾಸಕನಿಗೆ ಚೆನ್ನಾಗಿ ಗೊತ್ತಿತ್ತು. ಅತ್ತೆ ಹೇಳಿದ್ದೆಲ್ಲ ನಿಜವಾಗುತ್ತದೆ. ತಲೆನೋವು ನಿಜವಾದರೆ ಮಂಚ, ಟೀವಿ, ಚಪ್ಪಲಿ ಎಲ್ಲವೂ ಮರುವಿಚಾರಣೆಗೆ ಬರುತ್ತವೆ. ಷಡ್ಡಕನ ಮನೆವರೆಗೂ ಸುದ್ದಿ ಹೋಗುತ್ತದೆ. ಅದಕ್ಕಿಂತ ದಿನಾ ಮಾತ್ರೆ ನುಂಗುವುದು ಸಲೀಸು.

ಹೀಗೇ ಎರಡು ವಾರ ಕಳೆಯಿತು. ಶನಿವಾರ ಅರ್ಧ ದಿನದ ಆಫೀಸು. ಮಧ್ಯಾಹ್ನ ಅವನು ಹೊರಡುವ ಹೊತ್ತಿಗೆ ಫೋನ್ ಮೇಡಂ ತಡೆದಳು.

"ಸರ್, ಆ ನದಿ ದಂಡೆ ಬಿಲ್ಡಿಂಗಿನ ತಾತ ಮತ್ತೆ ಫೋನ್ ಮಾಡಿದ್ರು. ಲಿಫ್ಟು ಮೇಲಿನ ಮಹಡಿ ಹತ್ರ ಜಗ್ಗುತ್ತಂತೆ."

"ಅದೇ ತಾತ ತಾನೇ? ಅವರು ಹತ್ತು ಸಲ ಹೇಳಿದ್ರೂ ಒಂದೇ ದೂರು. ಎರಡನೇದು ಬರಲಿ."

"ಎಲ್ಲಿಂದ ಬರಬೇಕು ಸರ್? ಮೇಲಿನ ಮಹಡೀಲಿ ಇರೋದು ಅವರೊಬ್ರೇ. ಬೇರೆ ಯಾರೂ ಅಲ್ಲಿಗೆ ಹೋಗಲ್ಲ. ಇನ್ನೊಬ್ರು ಹೋಗಿ ಅಲ್ಲಿ ವಾಸ ಮಾಡಿದ್ರೆ ತಾನೇ ಎರಡನೇ ದೂರು?"

ತಪಾಸಕ ಚೀಲ ಹೆಗಲಿಗೆ ಹಾಕಿಕೊಂಡಿದ್ದವನು ಹಾಗೇ ನಿಂತ.

ಹಿಂದಿನ ಕೋಣೆಯಲ್ಲಿ ಅತ್ತೆಯೊಬ್ಬರೇ ಇದ್ದರು. ಅವರು ದೂರು ಹೇಳಿದರು. ಆಮೇಲೆ ಇನ್ನೊಬ್ಬ ಹೋಗಿ ಅಲ್ಲಿ ವಾಸ ಮಾಡಿದ. ಅತ್ತೆಯ ನೋವು ಕೋಣೆ ಬಿಟ್ಟ ಕೂಡಲೇ ಹೋಯಿತು, ಇವನದು ಕೋಣೆ ಹೊಕ್ಕ ಮೇಲೆ ಬಂತು. ಬಸ್ಸು ಹತ್ತಿದರೆ ಇಳಿಯುತ್ತದೆ. ಬೇರೆ ಯಾರದ್ದಾದರೂ ಲಿಫ್ಟಿನಲ್ಲಿ ಇಷ್ಟು ನಡೆದಿದ್ದರೆ ಅವನು ಕರೆಂಟು ತೆಗೆಸಿ ಬಾಗಿಲಿಗೆ ಹಲಗೆ ಹೊಡೆಸುತ್ತಿದ್ದ. ಎರಡನೇ ದೂರು ಎಂದೋ ಬಂದಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದವನು ಅವನೇ.

ಹಳದಿ ಜ್ವಾಲೆ, ಮಸಿ, ಸ್ಪಂಜು. ಬಸ್ಸಿನಲ್ಲಿ ಕೂತ ಮೇಲೆ ಒಂದರ ಹಿಂದೊಂದು ತಾವಾಗಿಯೇ ಸಾಲಿಗೆ ನಿಂತವು. ಮನೆಗೆ ಫೋನು ಮಾಡಿದ. ಹೆಂಡತಿ ಎತ್ತಲಿಲ್ಲ. ಅತ್ತೆಗೆ ಮಾಡಬಹುದಿತ್ತು. ಬೆರಳು ಅವರ ಹೆಸರಿನ ಮೇಲೆ ನಿಂತಿತು. ಏನೆಂದು ಹೇಳುವುದು? "ಅತ್ತೆ, ನಿಮ್ಮ ತಲೆನೋವು ನಿಜ" ಎಂದೇ? ಮನೆಗೆ ಹೋಗಿ, ಸ್ಪಂಜನ್ನು ಸದ್ದಿಲ್ಲದೆ ಕಿತ್ತು, ಗೀಸರು ಹಳತಾಯಿತು ಎಂದು ನೆಪ ಹೇಳಿದರೆ ಮುಗಿಯಿತಲ್ಲ? ಇನ್ನೇನು ಎರಡು ನಿಲ್ದಾಣ. ಅವನು ಫೋನನ್ನು ಜೇಬಿಗೆ ಹಾಕಿದ.

ಬಾಗಿಲು ತೆಗೆದಾಗ ಅಡುಗೆಮನೆಯ ಫ್ಯಾನು ಗುಂಯ್ಯೆನ್ನುತ್ತಿತ್ತು. ಅತ್ತೆ ಒಲೆಯ ಮುಂದೆ ನಿಂತು ಏನೋ ಕಲಕುತ್ತ ಗುನುಗುತ್ತಿದ್ದರು.

"ಅವಳೆಲ್ಲಿ?"

"ರಜಾಯಿ ನೆನೆಹಾಕ್ತಿದಾಳೆ. ಬಿಸಿನೀರು ಬೇಕಲ್ಲ, ಆಗಿಂದ ಬಿಟ್ಕೊಂಡು ಕೂತಿದಾಳೆ. ಚಳಿ ಆಗುತ್ತೆ ಅಂತ ನಾನೇ ಬಾಗಿಲು ಹಾಕಿದೆ."

ತಪಾಸಕ ಚೀಲ ಬಿಸಾಕಿ ಓಡಿದ. ಬಟ್ಟೆ ಒಗೆಯುವ ಕೋಣೆಯ ಬಾಗಿಲು ತೆಗೆದರೆ ಒಳಗೆ ಬೆಚ್ಚಗೆ ಆವಿ, ಕಿಟಕಿಯ ಗಾಜಿನ ಮೇಲೆ ನೀರು ಹರಿಯುತ್ತಿತ್ತು. ವಾಸನೆ ಎಂಬುದು ಸೋಪಿನದು ಮಾತ್ರ. ಹೆಂಡತಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಗೋಡೆಗೆ ತಲೆ ಆನಿಸಿದ್ದಳು. ಟಬ್ಬು ತುಂಬಿ ನೀರು ನೆಲಕ್ಕೆ ಚೆಲ್ಲುತ್ತಿತ್ತು.

"ಏಳು! ಏಳೇ!"

ಅವಳು ಕಣ್ಣು ಬಿಟ್ಟಳು. "ಏಳ್ತೀನಿ... ಕಾಲು ಎಲ್ಲೋ ಹೋಯ್ತು" ಎಂದಳು ತೊದಲುತ್ತ.

ಅವನು ನಲ್ಲಿ ನಿಲ್ಲಿಸಿದ. ಗೀಸರು ಆರಿತು. ಅವಳ ಕಂಕುಳಿಗೆ ಕೈಹಾಕಿ ಎಳೆದುಕೊಂಡೇ ಹೊರಟ.

"ಅತ್ತೆ, ಒಲೆ ಆರಿಸಿ ಹೊರಗೆ ನಡೀರಿ. ಈಗಲೇ!"

"ಅಯ್ಯೋ, ಏನಾಯ್ತು ಇವಳಿಗೆ? ತಡೀರಿ, ಶಾಲು..."

"ಶಾಲು ಗೀಲು ಏನೂ ಬೇಡ, ನಡೀರಿ!"

ಅತ್ತೆಯೆದುರು ಅವನು ದನಿಯೆತ್ತಿದ್ದು ಅದೇ ಮೊದಲು. ಅವರು ಸೌಟು ಹಿಡಿದೇ ಹೊರಗೆ ಬಂದರು. ಮೂವರೂ ರಸ್ತೆಗೆ ಇಳಿಯುವ ಮೆಟ್ಟಿಲ ಮೇಲೆ ಕೂತರು. ಚಳಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಹೆಂಡತಿ ಅದನ್ನು ಬಾಯಿ ತೆರೆದು ಕುಡಿದಳು. ಅವನು ತುರ್ತು ಸೇವೆಗೆ ಫೋನು ಮಾಡಿದ. ಆ ಕಡೆಯ ದನಿ ನಿಧಾನವಾಗಿ, ಸ್ಪಷ್ಟವಾಗಿ ಕೇಳಿತು. ಎಲ್ಲರೂ ಹೊರಗಿದ್ದೀರಾ? ಉಸಿರಾಟ ಇದೆಯಾ? ಒಳಗೆ ಮತ್ತೆ ಹೋಗಬೇಡಿ.

"ಮನೇಲಿ ಬೇರೆ ಯಾರಿಗಾದ್ರೂ ಇದೇ ಥರ ಆಗಿತ್ತಾ? ತಲೆನೋವು, ವಾಕರಿಕೆ?"

ಅತ್ತೆ ಪಕ್ಕದಲ್ಲೇ ಇದ್ದರು. ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಿದ್ದರು. ಸೌಟು ಇನ್ನೂ ಕೈಯಲ್ಲೇ ಇತ್ತು.

"ಆಗಿತ್ತು" ಎಂದ ತಪಾಸಕ. "ನಂಗೆ ಎರಡು ವಾರದಿಂದ ತಲೆನೋವಿದೆ. ದಿನಾ ಬೆಳಿಗ್ಗೆ."

ಅತ್ತೆ ತಿರುಗಿ ನೋಡಿದರು.

"ನಿಮಗಿಂತ ಮೊದಲು?" ಎಂದಿತು ಫೋನಿನ ದನಿ.

"ನಮ್ಮ ಅತ್ತೆಗೆ. ಅವರು ಆಗಲೇ ಹೇಳಿದ್ರು. ನಾವು ಯಾರೂ ನಂಬಲಿಲ್ಲ."

ಆಂಬುಲೆನ್ಸು ಬೇಗ ಬಂತು. ಆಸ್ಪತ್ರೆಯಲ್ಲಿ ಮೂವರಿಗೂ ರಕ್ತ ಪರೀಕ್ಷೆಯಾಯಿತು, ಮೂವರ ಮುಖಕ್ಕೂ ಆಮ್ಲಜನಕದ ಮುಖವಾಡ ಕಟ್ಟಿ ಸಾಲಾಗಿ ಮಲಗಿಸಿದರು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ, ಎಂದರು. ಬಣ್ಣವಿಲ್ಲ, ವಾಸನೆಯಿಲ್ಲ. ಹೆಂಡತಿಯ ರಕ್ತದಲ್ಲಿ ಜಾಸ್ತಿ, ತಪಾಸಕನದರಲ್ಲಿ ಅದಕ್ಕಿಂತ ಕಡಿಮೆ, ಅತ್ತೆಯದರಲ್ಲಿ ಎಲ್ಲರಿಗಿಂತ ಕಡಿಮೆ. ಇನ್ನೂ ಅರ್ಧ ಗಂಟೆ ಆ ಬಾಗಿಲು ತೆಗೆಯದೆ ಇದ್ದಿದ್ದರೆ ಎಂದು ಶುರು ಮಾಡಿದ ಡಾಕ್ಟರು ತಪಾಸಕನ ಮುಖ ನೋಡಿ ಮಾತನ್ನು ಅಲ್ಲಿಗೇ ಬಿಟ್ಟರು. ಬಸ್ಸಿನಲ್ಲಿ ಜೇಬಿಗೆ ಹಾಕಿದ ಫೋನು ಅವನಿಗೆ ನೆನಪಾಯಿತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಮುಖವಾಡದಿಂದಾಗಿ ಅತ್ತೆಗೆ ಮಾತಾಡಲು ಆಗುತ್ತಿರಲಿಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದುದನ್ನು ತಪಾಸಕ ಎಂದೂ ಕಂಡಿರಲಿಲ್ಲ. ಎಷ್ಟೋ ಸಲ ಬಯಸಿದ್ದ ಮೌನ. ಈಗ ಸಿಕ್ಕಾಗ ಅವನಿಗೆ ದಿಗಿಲಾಯಿತು. ಎರಡು ಸಲ ತಲೆಯೆತ್ತಿ ಅವರ ಎದೆ ಏರಿಳಿಯುವುದನ್ನು ನೋಡಿದ. ಎರಡನೇ ಸಲ ಅತ್ತೆ ಕಣ್ಣು ತೆರೆದು, ಮಲಗಿಕೋ ಎಂಬಂತೆ ಕೈ ಆಡಿಸಿದರು.

ಗ್ಯಾಸ್ ಕಂಪನಿಯವನು ಸೋಮವಾರ ಬಂದ. ಅವನಿಗೆ ಇನ್ನೂ ನಾಲ್ಕು ಮನೆಗೆ ಹೋಗಬೇಕಿತ್ತು. ಏಣಿ ಹತ್ತಿ ಸ್ಪಂಜನ್ನು ಕಿತ್ತ. ಟೇಪು ಸುಲಭಕ್ಕೆ ಬಿಡಲಿಲ್ಲ.

"ಯಾರು ಸ್ವಾಮಿ ಇದನ್ನ ಇಷ್ಟು ಮುತುವರ್ಜಿಯಿಂದ ಮಾಡಿದ್ದು?"

"ನಾನು."

"ಗೀಸರ್ ಉರಿಯೋಕೆ ಗಾಳಿ ಬೇಡ್ವಾ? ಕಿಂಡಿ ಮುಚ್ಚಿದೀರಿ, ಮೇಲೆ ಅಡುಗೆಮನೆ ಫ್ಯಾನ್ ಬೇರೆ ಗಾಳಿ ಎಳೆಯುತ್ತೆ. ಹೊಗೆಕೊಳವೆಯಿಂದ ಹೊರಗೆ ಹೋಗಬೇಕಾದ್ದೆಲ್ಲ ತಿರುಗಿ ಮನೆಯೊಳಗೇ ಬಂದಿದೆ. ಕಿಂಡಿ ಮುಚ್ಚು ಅಂತ ಯಾರಾದ್ರೂ ಹೇಳ್ತಾರಾ?"

ಮೊದಲನೆಯ ದೂರು ಯಾರದೆಂದು ಹೇಳಿ ಗೆಲ್ಲಬಹುದಾಗಿದ್ದ ಒಂದೇ ಒಂದು ಗಳಿಗೆ ಅದು. ತಪಾಸಕ ಏಣಿಯ ಕಾಲನ್ನು ಹಿಡಿದುಕೊಂಡು ನಿಂತ.

"ನಾನು ಹೇಳಿದ್ದು" ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ. "ಪಾರಿವಾಳ ಕೂಗ್ತವೆ ಅಂತ."

ಹಳೆಯ ಗೀಸರು ಹೋಯಿತು. ಹೊಸದು ಹೊರಗಿನಿಂದಲೇ ಗಾಳಿ ಎಳೆದುಕೊಂಡು ಹೊರಕ್ಕೇ ಹೊಗೆ ಬಿಡುವಂಥದು. ಕಿಂಡಿಗೆ ಹಕ್ಕಿ ನುಗ್ಗದಂತೆ ಜಾಲರಿ ಬಂತು, ಗಾಳಿಗೆ ಯಾರ ಅಡ್ಡಿಯೂ ಇಲ್ಲ. ಎರಡು ಮಲಗುವ ಕೋಣೆಗಳ ಹತ್ತಿರವೂ, ಆ ವಿಷಾನಿಲ ಸೇರಿದರೆ ಕೂಗುವ ಒಂದೊಂದು ಅಲಾರಂ ಬಂತು. ಅಲಾರಂ ಹಾಕಿದ ಸಂಜೆ ಅತ್ತೆ ಕಿರಿಯ ಮಗಳಿಗೆ ಫೋನು ಮಾಡಿದ್ದು ಪಕ್ಕದ ಕೋಣೆಯಲ್ಲಿದ್ದ ತಪಾಸಕನಿಗೆ ಕೇಳಿಸಿತು.

"ಇಲ್ಲ ಕಣೇ, ಇವರ ತಪ್ಪು ಏನೂ ಇಲ್ಲ. ನಾನು ಹೇಳಿದ್ದನ್ನ ಚಾಚೂ ತಪ್ಪದೆ ಮಾಡ್ತಾರೆ, ಅದೇ ತೊಂದರೆ ಆಗಿದ್ದು. ನಿನ್ನ ಗಂಡನ ಥರ ಬರೀ ಮಾತಲ್ಲಿ ಮುಗಿಸಿದ್ರೆ ಯಾರಿಗೂ ಏನೂ ಆಗ್ತಿರಲಿಲ್ಲ."

ಇದು ಹೊಗಳಿಕೆಯೋ ದೂರೋ ಎಂದು ಅವನು ಬಹಳ ಹೊತ್ತು ಯೋಚಿಸಿದ. ಷಡ್ಡಕನಿಗೆ ಒಂದು ಪೆಟ್ಟು ಬಿದ್ದದ್ದು ಖಚಿತವಾದ್ದರಿಂದ ಹೊಗಳಿಕೆಯ ಲೆಕ್ಕಕ್ಕೆ ಹಾಕಿಕೊಂಡ.

ಆಫೀಸಿಗೆ ಮರಳಿದ ದಿನ ಅವನು ಮಾಡಿದ ಮೊದಲ ಕೆಲಸ ನದಿ ದಂಡೆಯ ತಾತನ ಕಟ್ಟಡಕ್ಕೆ ಮೆಕ್ಯಾನಿಕ್‌ನನ್ನು ಅಟ್ಟಿದ್ದು. ಮೆಕ್ಯಾನಿಕ್ ಸಂಜೆ ಬಂದು ವರದಿ ಒಪ್ಪಿಸಿದ: ಲಿಫ್ಟಿಗೆ ಏನೂ ಆಗಿಲ್ಲ. ತಾತ ಚಹಾ ಕೊಟ್ಟರು, ಬಿಸ್ಕತ್ತು ಕೊಟ್ಟರು, ಇನ್ನೂ ಸ್ವಲ್ಪ ಹೊತ್ತು ಕೂತಿರು ಎಂದರು.

"ನಿಮ್ಮ ನಿಯಮಾನೇ ಸರಿ ಸರ್" ಎಂದಳು ಫೋನ್ ಮೇಡಂ, ಪೆಚ್ಚಾಗಿ. "ಮೊದಲನೇದು ಮನುಷ್ಯಂದೇ."

"ಇರಲಿ ಮೇಡಂ. ಇನ್ನು ಮೇಲೆ ಮೊದಲನೇದಕ್ಕೇ ಕಳಿಸಿ."

"ಸುಮ್ನೆ ಚಹಾ ಕುಡಿಯೋಕಾ?"

"ಚಹಾ ಕುಡಿದು ಬಂದ ಅಂದ್ರೆ ಒಳ್ಳೇ ಸುದ್ದಿ ಅಲ್ವಾ?"

ಅತ್ತೆ ಹಿಂದಿನ ಕೋಣೆಗೆ ಮರಳಿದರು. ಅಲಾರಮ್ಮಿನ ಹಸಿರು ದೀಪ ತಮ್ಮನ್ನೇ ದುರುಗುಟ್ಟಿ ನೋಡುತ್ತದೆ ಎಂಬ ಹೊಸ ದೂರು ಬಂತು. ತಪಾಸಕ ಅದನ್ನು ಸಾವಧಾನದಿಂದ ಕೇಳಿ, ಮಂಚವನ್ನು ಬೇರೆ ಗೋಡೆಗೆ ತಿರುಗಿಸಿಕೊಟ್ಟ. ದೀಪ ಅಲ್ಲೇ ಉಳಿಯಿತು.

ಎದುರುಮನೆಯ ಸಜ್ಜೆ ಹಿಡಿಸಲಿಲ್ಲವೋ ಏನೋ, ಪಾರಿವಾಳಗಳು ವಾಪಸ್ಸು ಬಂದು ಜಾಲರಿಯ ಹೊರಗೆ ಸಂಸಾರ ಹೂಡಿದವು. ಒಂದು ಬೆಳಿಗ್ಗೆ ಅವು ಗಂಟಲು ಬಿಟ್ಟು ಗುಟುರು ಹಾಕುತ್ತಿರುವಾಗ ತಪಾಸಕ ಅತ್ತೆಗೆ ಕಾಫಿ ಹಿಡಿದುಕೊಂಡು ಹೋದ. ಅತ್ತೆ ಮಂಡಿಗೆ ರಜಾಯಿ ಸುತ್ತಿಕೊಂಡು ಕೂತು ಗೋಡೆಯ ಕಡೆ ನೋಡುತ್ತಿದ್ದರು.

"ಕೂಗ್ತಿವೆ" ಎಂದರು.

"ಕೂಗಲಿ ಬಿಡಿ ಅತ್ತೆ."

"ಕೂಗಲಿ ಅಂತಾನೇ ನಾನೂ ಹೇಳಿದ್ದು" ಎಂದು ಅತ್ತೆ ಲೋಟ ಕೈಗೆ ತೆಗೆದುಕೊಂಡು ಒಂದು ಗುಟುಕು ಹೀರಿದರು. "ಈ ಕಾಫಿಗೆ ಸಕ್ಕರೆ ಕಮ್ಮಿ."

ತಪಾಸಕ ಲೋಟ ಇಸಿದುಕೊಂಡು, ಎರಡನೆಯವರನ್ನು ಕೇಳದೆ, ಅಡುಗೆಮನೆಗೆ ಹೋದ.